ಗೋಳು ತೀರಿದವರಿಗೆ ಚಪ್ಪಾಳೆ

ಫೆಬ್ರವರಿ 9

ಲಿಫ್ಟ್ ಅಣ್ಣನವರಿಗೆ ನಮಸ್ಕಾರ.

ಚೀಟಿ ಎತ್ತಿದಾಗ ನನ್ನ ಪಾಲಿಗೆ ನೀವು ಬಂದಿರುವುದನ್ನು ನಮ್ಮ ಫೋನ್ ಗುಂಪು ನಡೆಸುವ ದೊಡ್ಡಮ್ಮ ಅಲ್ಲಿ ಹಾಕಿದ್ದಾರೆ, ನೋಡಿರುತ್ತೀರಿ. "ದಿನವಿಡೀ ಫೋನಿನಲ್ಲಿ ಗೊಣಗಿದ್ದು ಸಾಕು. ಇನ್ನು ಜೋಡಿ ಜೋಡಿಯಾಗಿ ಕಾಗದದ ಮೇಲೆ ಗೊಣಗಿ, ಕೈಬರಹವಾದರೂ ಸುಧಾರಿಸಲಿ" ಎಂದು ಅಪ್ಪಣೆಯಾಗಿದೆ. ಆ ಹೆಂಗಸನ್ನು ನಮ್ಮಲ್ಲಿ ಯಾರೂ ಕಂಡವರಲ್ಲ, ಆದರೂ ಎಲ್ಲರೂ ಹೆದರುತ್ತೇವೆ. ಅದಕ್ಕೇ ಈ ಕಾಗದ.

ನಾನು ಹಾಸಿಗೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಅಂಗಡಿ ತುಂಬ ಮಂಚ, ಮಂಚದ ತುಂಬ ಹಾಸಿಗೆ, ಒಂದರ ಮೇಲೂ ನಾನು ಕೂರುವಂತಿಲ್ಲ. ಗಿರಾಕಿಗಳು ಮಾತ್ರ ಚಪ್ಪಲಿ ಕಳಚಿ ಮಲಗಿ ನೋಡಬಹುದು. ಕೆಲವರು ನೋಡುವುದನ್ನು ಬಿಟ್ಟು ಮಲಗಿಯೇ ಬಿಡುತ್ತಾರೆ. ನಿನ್ನೆ ಸೂಟು ತೊಟ್ಟವರೊಬ್ಬರು ಗೊರಕೆ ಶುರು ಮಾಡಿದರು. ಎಬ್ಬಿಸಲು ಹೋದರೆ ಮಾಲೀಕರು ಅಡ್ಡ ಬಂದರು. "ಬಿಡಮ್ಮ, ಇದಕ್ಕಿಂತ ಒಳ್ಳೆ ಜಾಹೀರಾತು ಎಲ್ಲಿ ಸಿಗುತ್ತೆ?" ಎಂದರು. ಎದ್ದ ಮೇಲೆ ಆತ ದಿಂಬು ಕೂಡ ಕೊಳ್ಳಲಿಲ್ಲ.

ಇರುವುದು ಅಣ್ಣನ ಮನೆಯಲ್ಲಿ, ಹಾಲಿನ ಮೂಲೆಯ ಸೋಫಾದಲ್ಲಿ. ಅತ್ತಿಗೆ ಒಳ್ಳೆಯವಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎದುರಿಗಿರುವವರ ಜೊತೆಗೂ ಬೇರೆ ಊರಿನಲ್ಲಿರುವವರ ಜೊತೆಗೂ ಒಂದೇ ಏರುದನಿ. ಅದರ ಮೇಲೆ ಟೀವಿ, ಮಿಕ್ಸಿ, ಬಟ್ಟೆ ಒಗೆಯುವ ಮಿಷನ್ನು. ದಿನವಿಡೀ ನಿದ್ದೆಯನ್ನು ಮಾರುವ ನನಗೆ ನಿದ್ದೆಯಿಲ್ಲ. ನಮ್ಮ 'ಚಿಲ್ಲರೆ ಗೋಳು' ಗುಂಪು ಇಲ್ಲದಿದ್ದರೆ ಯಾವತ್ತೋ ತಲೆ ಕೆಡುತ್ತಿತ್ತು. ಅಲ್ಲಿಯ ನಿಯಮಗಳೂ ನನಗೆ ಇಷ್ಟ. ದೊಡ್ಡ ದುಃಖ ತರಬಾರದು, ಯಾರೂ ಯಾರಿಗೂ ಬುದ್ಧಿ ಹೇಳಬಾರದು, ಗೋಳು ತೀರಿದರೆ ಬಂದು ಹೇಳಬೇಕು, ಆಗ ಎಲ್ಲರೂ ಚಪ್ಪಾಳೆ ಹೊಡೆಯಬೇಕು. ಹೊರಗೆ ಎಲ್ಲಿ ಹೋದರೂ ಬುದ್ಧಿ ಹೇಳುವವರೇ.

ನಿಮ್ಮ ಮೇಲಿನ ಮನೆಯ ಹೆಂಗಸು ಕುರ್ಚಿ ಎಳೆಯುವ ವಿಷಯ ಸಂಜೆ ಗುಂಪಿನಲ್ಲಿ ಬರದಿದ್ದರೆ ನಮಗೆಲ್ಲ ಏನೋ ಕಳೆದುಕೊಂಡ ಹಾಗೆ. ಆಕೆ ಹೇಗಿದ್ದಾರೆ?

ಹಾಸಿಗೆ ಅಕ್ಕ


ಫೆಬ್ರವರಿ 20

ಹಾಸಿಗೆ ಅಂಗಡಿಯವರಿಗೆ,

ನಿಮ್ಮನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ನನಗೆ ಮದುವೆಯಾದ ಮಗಳಿದ್ದಾಳೆ, ನಾನು ಅಕ್ಕ ಎಂದರೆ ನಿಮಗೇ ಸಿಟ್ಟು ಬಂದೀತು. ಸದ್ಯಕ್ಕೆ ಹೀಗೇ ಇರಲಿ.

ಆಕೆ ಚೆನ್ನಾಗಿದ್ದಾರೆ, ಕುರ್ಚಿಯೂ ಚೆನ್ನಾಗಿದೆ. ಸಂಜೆ ನಾನು ತಟ್ಟೆ ಮುಂದೆ ಕೂರುವುದಕ್ಕೂ ಮೇಲೆ ಆ ಕುರ್ಚಿ 'ಕರ್‍ರ್' ಎನ್ನುವುದಕ್ಕೂ ಸರಿಹೋಗುತ್ತದೆ. ಎತ್ತಿಡಲು ಆಗದಷ್ಟು ಭಾರವೇನಲ್ಲ. ಎಳೆಯಬೇಕೆಂಬ ಆಸೆ, ಅಷ್ಟೆ.

ನನ್ನದು ಲಿಫ್ಟ್ ರಿಪೇರಿ. ಹಳೆಯ ಎತ್ತರದ ಕಟ್ಟಡಗಳ ಲಿಫ್ಟ್‌ಗಳನ್ನು ನಾನು ಮತ್ತು ನನ್ನ ಜೊತೆಗಾರ ನೋಡಿಕೊಳ್ಳುತ್ತೇವೆ. ಅವನಿಗೆ ಗಡ್ಡವಿದೆ, ಹಾಗಾಗಿ ಗಡ್ಡದವನು. ನೀವು ನಿಲ್ಲುವುದು ಲಿಫ್ಟಿನ ಒಳಗೆ, ನಾವು ನಿಲ್ಲುವುದು ಅದರ ನೆತ್ತಿಯ ಮೇಲೆ. ಕೆಳಗಿನಿಂದ ಮೇಲಿನವರೆಗೆ ಕತ್ತಲೆಯ ಬಾವಿ, ನಡುವೆ ತೂಗುವ ಹಗ್ಗಗಳು, ಅಲ್ಲಲ್ಲಿ ಬಾಗಿಲ ಸಂದಿಯಿಂದ ಬರುವ ಗೆರೆಯಷ್ಟು ಬೆಳಕು. ಅಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ. ಗಡ್ಡದವನು "ಹೊರಟಿತು" ಎಂದು ಕೂಗಿದರೆ ನಾನು ಕೈ ಒಳಗೆ ಎಳೆದುಕೊಳ್ಳಬೇಕು, "ನಿಲ್ಲು" ಎಂದರೆ ನಿಲ್ಲಬೇಕು. ಇಷ್ಟು ವರ್ಷ ಹೀಗೇ ನಡೆದಿದೆ, ಒಂದು ಬೆರಳೂ ಹೋಗಿಲ್ಲ.

ಹೆಂಡತಿ ತೀರಿಕೊಂಡಾಗಿನಿಂದ ಮನೆಯಲ್ಲಿ ನಾನೊಬ್ಬನೇ. ನಿಮ್ಮ ಅತ್ತಿಗೆಯ ಅರ್ಧ ಮಾತನ್ನು ಇತ್ತ ಕಳಿಸಿಕೊಡಿ.

ಲಿಫ್ಟಿನವನು


ಮಾರ್ಚ್ 17

ಹಾಸಿಗೆ ಅಂಗಡಿಯವರಿಗೆ,

ನಿಮ್ಮ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ, ಸುದ್ದಿ ಅಂಥದ್ದು. ಗುಂಪಿನಲ್ಲಿ ನೋಡಿರಬೇಕು, ನನ್ನ ಗೋಳು ತೀರಿತು. ಕುರ್ಚಿ ನಿಂತಿತು! ಎಷ್ಟೊಂದು ಚಪ್ಪಾಳೆ ಬಂತೆಂದರೆ ಫೋನು ಮೇಜಿನ ಮೇಲೆ ನಡುಗುತ್ತಲೇ ಇತ್ತು. ದೊಡ್ಡಮ್ಮ ತಾವಾಗಿಯೇ ಹೂಗುಚ್ಛದ ಚಿತ್ರ ಹಾಕಿದರು. ಇಷ್ಟು ದಿನದಲ್ಲಿ ಯಾರಿಗೂ ಸಿಗದ ಗೌರವ ಅದು.

ಆಕೆ ಕುರ್ಚಿಯ ಕಾಲಿಗೆ ಬಟ್ಟೆ ಸುತ್ತಿರಬೇಕು. ಅಥವಾ ಕೊನೆಗೂ ನಾಚಿಕೆಯಾಯಿತೋ ಏನೋ. ಕೇಳಿಲ್ಲ, ಕೇಳಿದರೆ ಮತ್ತೆ ಶುರುವಾದೀತು.

ಕುರ್ಚಿಯಷ್ಟೇ ಅಲ್ಲ, ಈ ಬೀದಿಯೇ ಯಾಕೋ ಮೆತ್ತಗಾಗಿದೆ. ಕಿಟಕಿಯ ಹೊರಗಿನ ಮರದಲ್ಲಿ ಬೆಳಗಾದರೆ ಹಕ್ಕಿಗಳ ಸಂತೆ ನೆರೆಯುತ್ತಿತ್ತು. ಅವು ಬೇರೆಲ್ಲಿಗೋ ಹೋದಂತಿದೆ. ಕುಕ್ಕರಿನ ಸೀಟಿ ಕೆಟ್ಟಿದೆ, ಎರಡು ಸಲ ತಳ ಹಿಡಿಯಿತು. ಬೆಳಗ್ಗೆ ಕೆಲಸಕ್ಕೆ ನಡೆದು ಹೋಗುವಾಗ ಸೈಕಲ್ಲುಗಳು ನನ್ನ ಪಕ್ಕದಲ್ಲಿ ಇದ್ದಕ್ಕಿದ್ದಂತೆ ತೇಲಿ ಬರುತ್ತವೆ. ಕೆರೆಯ ತಳದಲ್ಲಿ ನಡೆಯುತ್ತಿದ್ದೇನೆ, ಮೇಲೆಲ್ಲೋ ಜನ ಓಡಾಡುತ್ತಿದ್ದಾರೆ ಅನಿಸುತ್ತದೆ. ನನಗಂತೂ ಹಿತವಾಗಿದೆ. ಹೊಸ ಗೋಳು ಬೇಕೆಂದರೆ ಒಂದಿದೆ: ಗಡ್ಡದವನು ಮಾತನ್ನು ಗಡ್ಡದೊಳಗೇ ಆಡುವುದು ಕಲಿತಿದ್ದಾನೆ. ಮಗಳದೂ ಅದೇ ಕಥೆ, ಫೋನಿನಲ್ಲಿ ಅರ್ಧ ಅಕ್ಷರ ನುಂಗುತ್ತಾಳೆ. "ಬರೆದು ಕಳಿಸು ತಾಯಿ" ಎಂದು ಇಟ್ಟುಬಿಡುತ್ತೇನೆ.

ಲಿಫ್ಟಿನವನು


ಮಾರ್ಚ್ 29

ಅಣ್ಣಾ,

ನಿಮ್ಮ ಕಾಗದವನ್ನು ಎಲ್ಲಿ ಓದಿದೆ ಹೇಳಿ? ಮಾಲೀಕರು ಊಟಕ್ಕೆ ಹೋಗಿದ್ದಾಗ, ಅಂಗಡಿಯ ಅತ್ಯಂತ ದುಬಾರಿ ಹಾಸಿಗೆಯ ಮೇಲೆ, ಕಾಲು ಚಾಚಿ ಮಲಗಿಕೊಂಡು. ಗಾಜಿನ ಬಾಗಿಲಿಂದ ಬಿಸಿಲು ಬಂದು ಬಿಳಿ ಹೊದಿಕೆಗಳ ಮೇಲೆಲ್ಲ ಹರಡಿತ್ತು. ಕೆರೆಯ ತಳದ ಆ ಸಾಲನ್ನು ಎಷ್ಟು ಸಲ ಓದಿದೆನೋ. ನನಗೂ ಅಲ್ಲಿಗೆ ಬರಬೇಕು ಎನಿಸಿತು. ಕಣ್ಣು ಬಿಟ್ಟಾಗ ಗಿರಾಕಿ ದಂಪತಿ ಪಕ್ಕದಲ್ಲಿ ನಿಂತು, "ಇದೇ ಕೊಡಿ, ಇಷ್ಟು ಚೆನ್ನಾಗಿ ನಿದ್ದೆ ಬರುತ್ತೆ ಅಂದ್ಮೇಲೆ" ಅಂದರು.

ಇನ್ನೂ ಬರೆಯಿರಿ. ಏನೇನು ಸುಮ್ಮನಾಯಿತು, ಹೇಗೆ ಸುಮ್ಮನಾಯಿತು, ಎಲ್ಲ. ನಿಮಗೆ ನೆಮ್ಮದಿ ತಾನಾಗಿಯೇ ಮನೆ ಬಾಗಿಲಿಗೆ ಬಂತು. ನಾನು ಹುಡುಕಿಕೊಂಡು ಹೋಗಬೇಕು.

ಯಾರಿಗೂ ಹೇಳದ ಮಾತು ಹೇಳುತ್ತೇನೆ. ಅಂಗಡಿಯ ಹಿಂದಿನ ಬೀದಿಯಲ್ಲಿ ಪುಸ್ತಕ ಪೆನ್ನು ಮಾರುವ ಅಂಗಡಿಯ ಮೇಲೆ ಒಂದು ಕೋಣೆ ಖಾಲಿ ಇದೆ. ಒಂದೇ ಕಿಟಕಿ, ಗೋಡೆಗೆ ತಿಳಿನೀಲಿ ಬಣ್ಣ. ಹೋಗಿ ನೋಡಿ ಬಂದೆ. ನಲವತ್ತರ ಹತ್ತಿರ ಬಂದೆ ಅಣ್ಣಾ, ನನ್ನದು ಎಂದು ಒಂದು ಬಾಗಿಲು ಹಾಕಿಕೊಂಡವಳಲ್ಲ. ಮನೆಯಲ್ಲಿ ಹೇಳಲು ಬಾಯಿ ಬರುತ್ತಿಲ್ಲ. ಅತ್ತಿಗೆ ಅಳುತ್ತಾಳೆ, ಅದೂ ಜೋರಾಗಿ.

ತಂಗಿ ಎಂದೇ ಕರೆಯಿರಿ.

ಹಾಸಿಗೆ ಅಕ್ಕ


ಏಪ್ರಿಲ್ 27

ತಂಗೀ,

ಕೋಣೆ ಹಿಡಿದುಬಿಡು. ಇದು ಬುದ್ಧಿ ಹೇಳಿದ ಹಾಗಾಯಿತು, ದೊಡ್ಡಮ್ಮನಿಗೆ ಹೇಳಬೇಡ. ನನಗೆ ಸಿಕ್ಕ ಈ ಸುಖ ಇನ್ನೊಬ್ಬರಿಗೂ ಸಿಗಲಿ ಎಂಬ ಆಸೆ.

ಮೊನ್ನೆ ಭಾನುವಾರ ಕಿಟಕಿಯ ಬಳಿ ಕುಳಿತಿದ್ದೆ. ಗಾಳಿ ಬೀಸುತ್ತಿತ್ತು, ಮರದ ಎಲೆಗಳೆಲ್ಲ ಅಲ್ಲಾಡುತ್ತಿದ್ದವು, ಸದ್ದಿಲ್ಲ. ಎದುರು ಮನೆಯ ಮಕ್ಕಳು ಬಾಯಿ ಅಗಲಿಸಿ ನಗುತ್ತಾ ಓಡುತ್ತಿದ್ದರು, ಅದೂ ಹಾಗೇ. ನನ್ನ ಹೆಂಡತಿ ಬಟ್ಟೆ ಮಡಿಸುತ್ತಾ ಒಳಗಿದ್ದಾಳೆ, ಈಗ ಹೊರಗೆ ಬರುತ್ತಾಳೆ ಎಂದು ಒಂದು ಗಳಿಗೆ ನಿಜವಾಗಿಯೂ ನಂಬಿದೆ. ಅವಳು ಮಾತು ಕಡಿಮೆಯವಳು. ಮನೆ ಸುಮ್ಮನಿದ್ದರೆ ಅವಳಿದ್ದ ಹಾಗೇ ಇರುತ್ತದೆ.

ಕೆಲಸದ ಕಡೆ ಮಾತ್ರ ಒಂದು ಕಿರಿಕಿರಿ. ಗಡ್ಡದವನಿಗೆ ಈಚೆಗೆ ಮೈ ಮುಟ್ಟಿ ಮಾತಾಡುವ ಚಟ. ಲಿಫ್ಟ್ ಹೊರಡುವ ಮೊದಲು ಭುಜ ಹಿಡಿಯುತ್ತಾನೆ. ವಯಸ್ಸಾದ ಹಾಗೆ ಪ್ರೀತಿ ಹೆಚ್ಚಾಗಿದೆ ಎಂದು ನಗುತ್ತೇನೆ. ಆದರೆ ಕಳೆದ ವಾರ ಅವನು ಮೇಲಿನ ಮೋಟಾರು ಕೋಣೆಯಲ್ಲಿದ್ದ, ನಾನು ಲಿಫ್ಟಿನ ನೆತ್ತಿಯ ಮೇಲೆ ಬಗ್ಗಿ ಕೆಲಸ ಮಾಡುತ್ತಿದ್ದೆ. ಹೇಳದೆ ಕೇಳದೆ ಲಿಫ್ಟ್ ಹೊರಟೇಬಿಟ್ಟಿತು. ತೋಳು ಲಿಫ್ಟ್ ಓಡುವ ಹಳಿಯ ಪಕ್ಕದಿಂದ ಕೂದಲೆಳೆಯಲ್ಲಿ ತಪ್ಪಿತು, ಅಂಗಿಯ ತೋಳು ಮಾತ್ರ ಹರಿದುಹೋಯಿತು. "ನಾನು ಕೂಗಿದೆ, ಎರಡು ಸಲ ಕೂಗಿದೆ" ಎಂದು ಅವನ ವಾದ. ಕೂಗಿರಲಿಲ್ಲ. ಇಷ್ಟು ವರ್ಷದ ಸ್ನೇಹಿತ ಸುಳ್ಳು ಹೇಳುತ್ತಾನಲ್ಲ ಎಂದು ಬೇಜಾರಾಯಿತು. ಎರಡು ದಿನ ಮಾತು ಬಿಟ್ಟೆ.

ನೀಲಿ ಕೋಣೆಯ ಸುದ್ದಿ ಬರೆ.

ಲಿಫ್ಟ್ ಅಣ್ಣ


ಮೇ 6

ಅಣ್ಣಾ,

ನಿಮ್ಮ ಕಾಗದ ಬಂದ ದಿನದಿಂದ ನನಗೆ ಅನ್ನ ಸೇರುತ್ತಿಲ್ಲ. ನಾನು ಗುಂಪಿನ ನಿಯಮ ಮುರಿಯುತ್ತಿದ್ದೇನೆ. ಬೇಕಾದರೆ ನನ್ನನ್ನು ಹೊರಗೆ ಹಾಕಿಸಿ.

ಅವರು ಕೂಗಿದ್ದಾರೆ, ಅಣ್ಣಾ. ನಿಮಗೆ ಕೇಳಿಸಿಲ್ಲ.

ಕುರ್ಚಿ ನಿಂತಿಲ್ಲ, ಹಕ್ಕಿಗಳು ಎಲ್ಲಿಗೂ ಹೋಗಿಲ್ಲ, ಕುಕ್ಕರಿನ ಸೀಟಿ ಕೆಟ್ಟಿಲ್ಲ. ನಿಮ್ಮ ಮಗಳು ಅಕ್ಷರ ನುಂಗುತ್ತಿಲ್ಲ. ಎಲೆ ಅಲ್ಲಾಡಿದರೆ ಸದ್ದಾಗುತ್ತದೆ. ನಿಮ್ಮ ಕಿವಿ ಮಂದವಾಗುತ್ತಿದೆ. ದಯವಿಟ್ಟು ಡಾಕ್ಟರ ಹತ್ತಿರ ಹೋಗಿ. ಹೋಗುವವರೆಗೆ ಆ ಬಾವಿಗೆ ಇಳಿಯಬೇಡಿ. ಮುಂದಿನ ಸಲ ಹರಿಯುವುದು ಬರೀ ಅಂಗಿಯಲ್ಲ.

ಸೀಟಿಯ ವಿಷಯ ಓದಿದಾಗಲೇ ನನಗೆ ಅನುಮಾನ ಬಂದಿತ್ತು. ಆದರೂ "ಇನ್ನೂ ಬರೆಯಿರಿ" ಎಂದೆ. ನಿಮ್ಮ ಆ ನಿಶ್ಶಬ್ದ ನಿಜವಾಗಿರಲಿ ಎಂದು ಅಷ್ಟು ಆಸೆಯಿತ್ತು ನನಗೆ. ಅದು ಕಾಯಿಲೆ ಎಂದು ಒಪ್ಪಿಕೊಂಡರೆ, ನಾನು ಹುಡುಕುತ್ತಿರುವುದು ಏನು ಎಂಬ ಪ್ರಶ್ನೆ ಬರುತ್ತಿತ್ತು. ನಾವೆಲ್ಲ ಸೇರಿ ನಿಮ್ಮ ಕಿವಿ ಹೋದದ್ದಕ್ಕೆ ಚಪ್ಪಾಳೆ ಹೊಡೆದೆವು. ನಾನೂ ಹೊಡೆದೆ.

ನಿಮ್ಮ ತಂಗಿ


ಮೇ 15

ಹಾಸಿಗೆ ಅಂಗಡಿಯವರಿಗೆ,

ನಿಮ್ಮ ಕಾಗದ ತಲುಪಿತು.

ನನ್ನ ಕಿವಿ ಸರಿಯಾಗಿದೆ. ಮೋಟಾರು ಒಳಗೊಳಗೇ ಗುಡುಗುವುದು ನನಗೆ ಈಗಲೂ ಸ್ಪಷ್ಟವಾಗಿ ಕೇಳುತ್ತದೆ. ಬೀದಿಯಲ್ಲಿ ಲಾರಿ ಹೋದರೆ ಕೇಳುತ್ತದೆ. ಕಿವುಡನಿಗೆ ಇವೆಲ್ಲ ಕೇಳುತ್ತವೆಯೇ? ನೂರಾರು ಮೈಲಿ ದೂರದಲ್ಲಿ ಕುಳಿತು, ಮುಖ ನೋಡದೆ, ಕಾಗದ ಓದಿ ರೋಗ ಹೇಳುವಷ್ಟು ನೀವು ಯಾವಾಗ ಕಲಿತಿರಿ? ಬುದ್ಧಿ ಹೇಳುವವರು ಇಲ್ಲದ ಜಾಗ ಎಂದೇ ನಾನು ಆ ಗುಂಪಿಗೆ ಸೇರಿದ್ದು.

ಲಿಫ್ಟ್‌ನಿಂದ ಇಳಿದರೆ ನಾನು ಯಾರು? ಅದನ್ನೂ ಬರೆಯಬೇಕಿತ್ತು ನೀವು.

ಇನ್ನು ಮುಂದೆ ಕಾಗದದ ಅಗತ್ಯವಿಲ್ಲ.


ಜೂನ್ 18

ಅಣ್ಣಾ,

ಅಗತ್ಯವಿಲ್ಲ ಎಂದಿದ್ದೀರಿ, ಆದರೂ ಬರೆಯುತ್ತಿದ್ದೇನೆ. ಗುಂಪಿನಲ್ಲೂ ನಿಮ್ಮ ಸುಳಿವಿಲ್ಲ. ಎಲ್ಲರೂ "ಲಿಫ್ಟ್ ಅಣ್ಣನಿಗೆ ಗೋಳೇ ಇಲ್ಲ, ಪುಣ್ಯವಂತ" ಎಂದು ತಮಾಷೆ ಮಾಡುತ್ತಿದ್ದಾರೆ. ನನಗೆ ನಗು ಬರಲಿಲ್ಲ. ಪೇಪರಿನಲ್ಲಿ ಲಿಫ್ಟ್ ಎಂಬ ಶಬ್ದ ಕಂಡರೆ ಮೊದಲು ಅದನ್ನೇ ಓದುತ್ತೇನೆ.

ನೀಲಿ ಕೋಣೆಗೆ ಬಂದೆ. ಅತ್ತಿಗೆ ಅಳಲಿಲ್ಲ. ಸುಮ್ಮನೆ ನನ್ನ ಬಟ್ಟೆಗಳನ್ನು ಮಡಿಸಿ ಪೆಟ್ಟಿಗೆಗೆ ಹಾಕಿಕೊಟ್ಟಳು. ಅವಳು ಅಷ್ಟು ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ, ನನಗೇ ಅಳು ಬಂತು. ಇಲ್ಲಿ ಬೆಳಗ್ಗೆ ಎದ್ದರೆ ಕೆಳಗಿನ ಅಂಗಡಿಯವರು ಕಾಗದದ ಕಟ್ಟು ಇಳಿಸುವ ಸದ್ದು ಬಿಟ್ಟರೆ ಏನೂ ಇಲ್ಲ. ಬೆಳಕು ನೀಲಿ ಗೋಡೆಯ ಮೇಲೆ ನಿಧಾನ ಸರಿಯುತ್ತದೆ, ನಾನು ನೋಡುತ್ತಾ ಮಲಗಿರುತ್ತೇನೆ. ನಿದ್ದೆ ಚೆನ್ನಾಗಿ ಬರುತ್ತಿದೆ. ಆದರೆ ಎದ್ದ ಕೂಡಲೇ ನಿಮ್ಮ ನೆನಪು. ನನಗೆ ಬೇಡವೆನಿಸಿದರೆ ಬಾಗಿಲು ತೆಗೆದು ಹೊರಗೆ ಹೋಗಬಹುದು. ನಿಮಗೆ ಆ ಬಾಗಿಲಿಲ್ಲ.

ಸಿಟ್ಟು ಇರಲಿ. ಬದುಕಿದ್ದೇನೆ ಎಂದು ಒಂದು ಸಾಲು ಬರೆಯಿರಿ.

ತಂಗಿ


ಜುಲೈ 24

ತಂಗೀ,

ಬದುಕಿದ್ದೇನೆ. ಒಂದು ಸಾಲು ಸಾಲದು, ಕುಳಿತು ಓದು.

ನಿನಗೆ ಒರಟಾಗಿ ಬರೆದು ಅಂಚೆಗೆ ಹಾಕಿದ ಮೇಲೆ ಬಹಳ ದಿನ ಬಿರುಸಾಗಿಯೇ ಓಡಾಡಿದೆ. ನಿನ್ನ ಮುಂದಿನ ಕಾಗದ ಬಂದಾಗಲೂ ಒಡೆಯಲಿಲ್ಲ. ಆಮೇಲೊಂದು ಸಂಜೆ, ನಿನ್ನ ಮಾತು ಸುಳ್ಳೆಂದು ತೋರಿಸಿಯೇ ಬಿಡೋಣ ಎಂದು ಮೆಟ್ಟಿಲು ಹತ್ತಿ ಮೇಲಿನ ಮನೆಯ ಬಾಗಿಲು ತಟ್ಟಿದೆ. ಆಕೆಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನನಗಿಂತ ದೊಡ್ಡವರು, ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡೇ ನಡೆಯುತ್ತಾರೆ. ಒಳಗೆ ಕರೆದರು. ನನಗೆ ಕೂರಲು ಎಂದು ಮೇಜಿನ ಬಳಿಯಿದ್ದ ಕುರ್ಚಿಯನ್ನು ಎರಡು ಕೈಯಲ್ಲಿ ಹಿಡಿದು ಎಳೆದುಕೊಂಡು ಬಂದರು.

ಕಬ್ಬಿಣದ ಕಾಲಿನ ಕುರ್ಚಿ. ನೆಲದ ಮೇಲೆ ಗೀರು ಬಿದ್ದು ಬಿದ್ದು ಬಿಳಿಯ ದಾರಿಯಾಗಿದೆ. ಬಟ್ಟೆಯಿಲ್ಲ, ಏನಿಲ್ಲ. ಅದು ನನ್ನ ಕಣ್ಣೆದುರು ಗೋಡೆಯಿಂದ ನನ್ನ ಕಾಲ ಬುಡದವರೆಗೆ ಬಂತು. ಮೋಡ ಬಂದ ಹಾಗೆ ಬಂತು, ತಂಗೀ. ಆ ಕುರ್ಚಿಯ ಮೇಲೆಯೇ ಕುಳಿತೆ. ಅವರು ಏನೋ ಕೇಳುತ್ತಿದ್ದರು, ತುಟಿ ಅಲ್ಲಾಡುತ್ತಿತ್ತು. ಹೌದೆಂದು ತಲೆಯಾಡಿಸಿದೆ. ಕಾಫಿ ತಂದುಕೊಟ್ಟರು.

ಮರುದಿನ ಗಡ್ಡದವನನ್ನು ಹಿಡಿದು ನಿಲ್ಲಿಸಿ ಕೇಳಿದೆ. ಅವನಿಗೆ ಕೆಲವು ತಿಂಗಳಿಂದ ಗೊತ್ತು. ಭುಜ ಹಿಡಿಯುತ್ತಿದ್ದದ್ದು ಅದಕ್ಕೇ. ತನ್ನ ಪಾಲಿನ ಕೆಲಸ ಮಾಡಿ, ನನ್ನನ್ನೂ ಕಾಪಾಡಿದ್ದಾನೆ. "ಹೇಳಿದ್ರೆ ನಿನ್ನನ್ನ ಕೆಲಸದಿಂದ ಇಳಿಸ್ತಾರೆ, ಹೇಳದಿದ್ರೆ ನೀನೇ ಬೀಳ್ತೀಯ. ನಾನೇನು ಮಾಡ್ಲಿ ಮಾರಾಯ?" ಎಂದು ಜೋರಾಗಿ ಅತ್ತುಬಿಟ್ಟ. ಅವನ ಅಳು ಮಾತ್ರ ನನಗೆ ಪೂರ್ತಿ ಕೇಳಿಸಿತು. ಅದೇ ದಿನ ನಾನೇ ಮೇಲಧಿಕಾರಿಗಳಿಗೆ ಹೇಳಿ ಬಾವಿಯಿಂದ ಹೊರಗೆ ಬಂದೆ. ಈಗ ಬಿಡಿಭಾಗಗಳ ಕೋಣೆಯಲ್ಲಿದ್ದೇನೆ. ಬೋಲ್ಟು, ನಟ್ಟು, ಗಾಲಿ. ಮೊದಲ ವಾರ ಯಾರ ಮುಖವನ್ನೂ ನೋಡಲಾಗಲಿಲ್ಲ.

ಕಿವಿ ಪರೀಕ್ಷೆಗೂ ಹೋದೆ. ದಪ್ಪ ಗೋಡೆಯ ಸಣ್ಣ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಒತ್ತಿದೆ. ಹೊರಗೆ ಬಂದರೆ ಪರೀಕ್ಷೆ ಮಾಡುವ ಹುಡುಗಿ, "ಸರ್, ನಾನು ಸದ್ದು ಕೊಡದಿದ್ದಾಗಲೂ ಒತ್ತಿದ್ದೀರಿ" ಎಂದು ಬರೆದು ತೋರಿಸಿದಳು. ಆಗ ನನಗೆ ಹಕ್ಕಿಗಳು ಕೇಳಿಸಿದ್ದವು. ಮಗಳು ಚಿಕ್ಕವಳಿದ್ದಾಗ ಬಚ್ಚಲಲ್ಲಿ ಹಾಡುತ್ತಿದ್ದದ್ದು ಕೇಳಿಸಿತ್ತು. ಹೇಗೆ ಒತ್ತದೆ ಇರಲಿ?

ಗುಡುಗುವ ಸದ್ದು ಉಳಿದಿದೆಯಂತೆ, ತೆಳ್ಳಗಿನವು ಹೋಗಿವೆಯಂತೆ. ಮಾತಿನಲ್ಲಿ ಅರ್ಧ ತೆಳ್ಳಗಿನವೇ. ಹೋದದ್ದು ವಾಪಸು ಬರುವುದಿಲ್ಲ. ಕಿವಿಗೆ ಹಾಕುವ ಮಿಷನ್ನು ಮುಂದಿನ ವಾರ ಬರುತ್ತದೆ. ಹಾಕಿದರೆ ಕೇಳಿಸುತ್ತದೆ, ಆದರೆ ಗೊತ್ತಿರುವ ದನಿಗಳೆಲ್ಲ ಮೊದಮೊದಲು ಡಬ್ಬದೊಳಗಿಂದ ಬಂದ ಹಾಗಿರುತ್ತವೆ, ಹೆದರಬೇಡಿ ಎಂದಳು. ಮಗಳ ದನಿ ಡಬ್ಬದೊಳಗಿಂದ. ಗಡ್ಡದವನದೂ ಹಾಗೇ. ಅದನ್ನು ಕೇಳಿ ಮನೆಗೆ ಬಂದೆ. ಆಗ ನಿನ್ನ ಕಾಗದ ಒಡೆದೆ.

ಓದುತ್ತಿದ್ದಾಗ ಒಂದು ಹೊಳೆಯಿತು. ನಾವಿಬ್ಬರೂ ಒಮ್ಮೆಯೂ ಮಾತಾಡಿದವರಲ್ಲ. ನಿನ್ನ ದನಿ ಹೇಗಿದೆಯೋ ನನಗೆ ಗೊತ್ತೇ ಇಲ್ಲ. ಹಾಗಾದರೆ ನಾನು ಕಳೆದುಕೊಳ್ಳದೆ ಇರುವ ದನಿ ಅದೊಂದೇ. ಮಿಷನ್ನಿನಲ್ಲಿ ಹೇಗೆ ಕೇಳಿದರೂ ಅದೇ ನಿನ್ನ ದನಿ, ಮೊದಲು ಹೀಗಿರಲಿಲ್ಲ ಎಂದು ನಾನು ಅಳಬೇಕಿಲ್ಲ. ಹಾಕಿಕೊಂಡ ದಿನ ಮೊದಲು ನಿನ್ನ ಜೊತೆ ಮಾತಾಡಲೇ? ಆಮೇಲೆ ಮಗಳಿಗೆ ಫೋನ್ ಮಾಡುತ್ತೇನೆ, ಆಗ ಧೈರ್ಯ ಬಂದಿರುತ್ತದೆ.

ಒರಟಾಗಿ ಬರೆದದ್ದಕ್ಕೆ ಬೈಯಬೇಕೆಂದಿದ್ದರೆ ಆಗಲೇ ಬೈಯಿ.

ಅಣ್ಣ


ಜುಲೈ 30

ಅಣ್ಣಾ,

ಕಾಗದ ಹಿಡಿದುಕೊಂಡು ಅಂಗಡಿಯಲ್ಲೇ ಅತ್ತೆ. ಮಾಲೀಕರು ಏನೂ ಕೇಳದೆ ಅತ್ಯಂತ ದುಬಾರಿ ಹಾಸಿಗೆಯನ್ನು ತೋರಿಸಿ "ಕೂತ್ಕೋ ಹೋಗಮ್ಮ" ಎಂದರು.

ಕೆಳಗೆ ನನ್ನ ಫೋನ್ ನಂಬರಿದೆ. ಭಾನುವಾರ ಬೆಳಗ್ಗೆ ನೀಲಿ ಕೋಣೆಯಲ್ಲಿ ಒಬ್ಬಳೇ ಇರುತ್ತೇನೆ, ಆಗ ಮಾಡಿ. ಏನು ಮಾತಾಡಬೇಕೆಂದು ಈಗಲೇ ಯೋಚಿಸಿ ಸೋತಿದ್ದೇನೆ. ನನ್ನ ದನಿ ಸ್ವಲ್ಪ ಗಡಸು, ಚೆನ್ನಾಗಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನೀವು ಹೋಲಿಸಲು ಹೋಗಬೇಡಿ. ನಿಧಾನವಾಗಿ ಹೇಳುತ್ತೇನೆ, ಬಿಡಿಸಿ ಬಿಡಿಸಿ ಹೇಳುತ್ತೇನೆ, ತಿಳಿಯದಿದ್ದರೆ ಮತ್ತೆ ಹೇಳುತ್ತೇನೆ.

ಮಿಷನ್ನು ಮೊದಲ ದಿನವೇ ಸರಿಹೋಗದೆಯೂ ಇರಬಹುದಂತೆ, ನಮ್ಮ ಗಿರಾಕಿಯೊಬ್ಬರು ಹೇಳಿದರು. ಹಾಗಾಗಿ ಒಂದು ಮಾತು ನೆನಪಿಡಿ. ಏನೂ ಕೇಳಿಸದಿದ್ದರೆ ಫೋನು ಇಡಬೇಡಿ. ನಾನು ಮಾತಾಡುತ್ತಲೇ ಇರುತ್ತೇನೆ.

ತಂಗಿ